ಕೈ ಬಳಸಿದ್ರಾ?

ಎರಡು ಸಾವಿರದ ನಾನೂರು, ಮ್ಯಾಲ ಜಿಎಸ್‌ಟಿ.
ಟಿಳಕವಾಡಿಯ ಆ ಗಾಜಿನ ಬಾಗಿಲ ದೂಡಾಕ ಹೋದೆ,
ಅದು ಎಳೀಬೇಕಾದ ಬಾಗಿಲ.
ಅಲ್ಲೇ ತಿಳೀಬೇಕಿತ್ತು.

ಹದಿನಾರು ವರ್ಷ ಚಿಲ್ಲರೆ ಎಣಿಸಿದ ಕೈ ನನ್ನದು,
ಸಿಬಿಟಿಯಿಂದ ಸುಳೇಭಾವಿ, ಸುಳೇಭಾವಿಯಿಂದ ಸಿಬಿಟಿ.
ರೊಕ್ಕದ ಮಸಿ ಉಗುರಿನ ಸಂದಿಗೆ ಇಳದು
ಲಿಂಬಿಹಣ್ಣಿಗೂ ಜಗ್ಗಿದ್ದಿಲ್ಲ.
ನಲವತ್ತು ತುಂಬಿದ ದಿನ ನನಗ ನಾನ ಕೊಟ್ಟ ಉಡುಗೊರೆ.
ಮನ್ಯಾಗ ಹೇಳಿದ್ದು: ಎಂಟನೂರು.

ಮೊದಲ ಮುಕ್ಕಾಲು ತಾಸು ಸೋಫಾದ ಮ್ಯಾಲ.
ಹನ್ನೊಂದಕ್ಕ ಬರ್ರಿ ಅಂದವರು ಅವರ.
ನಮ್ಮ ಗಾಡಿ ಹಿಂಗ ಬಿಟ್ಟರ
ಮಂದಿ ಡಿಪೋ ಮ್ಯಾನೇಜರಗ ಫೋನ್ ಹಚ್ಚತಾರ.
ನೀರು ಕೊಟ್ಟರು, ಒಂದು ಸೌತಿಕಾಯಿ ಬಿಲ್ಲೆ ತೇಲತಿತ್ತು.
ಕುಡೀಬೇಕೋ ತಿನ್ನಬೇಕೋ ತಿಳೀದ
ಬಿಲ್ಲೆ ತಿಂದೆ.

ಎದಿ ಮ್ಯಾಲ ‘ಮಿಯಾ’ ಅಂತ ಬರಕೊಂಡ ಹುಡುಗಿ,
ಮುಖಕ್ಕ ಮಾಸ್ಕ್, ಮಾತು ಹಿಂದ್ಯಾಗ,
ನನ್ನ ಕೈ ದೀಪಕ್ಕ ಹಿಡದು ‘ಇತನಾ ಡ್ರೈ?’ ಅಂದಳು.
ಅರದಳು, ಅಂಟಿಸಿದಳು, ನೀಲಿ ಬೆಳಕಿನ ಗೂಡಿನ್ಯಾಗ ಇಡಿಸಿದಳು.
ಕಿರುಬೆರಳ ಸುಟ್ಟಂಗಾತು. ಸುಮ್ಮನಿದ್ದೆ,
ತುಟ್ಟಿ ಜಾಗಾದಾಗ ಉರಿಯೂ ಸೇವೆದಾಗ ಬರತಿರಬೇಕು ಅಂತ.
ಕೇಳಿದ್ದು ಕುಂಕುಮದ ಬಣ್ಣ,
ಬಂದದ್ದು ಇಟ್ಟಂಗಿ ಬಣ್ಣ.
‘ಲೈಟಿಗೆ ಹಂಗ ಕಾಣ್ತದ ಮೇಡಂ.’
ಹೊರಗ ಬಂದು ನೋಡಿದೆ.
ಬಿಸಲಾಗೂ ಇಟ್ಟಂಗೀನ.

ಮೂರನೇ ದಿನ, ಗಾಂಧಿನಗರ ದಾಟಿ,
ಟಿಕೀಟ ಮಶೀನಿನ ಗುಂಡಿ ಒತ್ತಿದೆ:
ಗುಂಡಿ ಹೋತು ಒಳಗ, ಉಗುರು ಹೋತು ಹೊರಗ.
ಬಗ್ಗಿ ಹುಡುಕಿದೆ. ಶೇಂಗಾ ಸಿಪ್ಪಿ, ಚಪ್ಪಲಿ, ಯಾರದೋ ಮೆಂತೆ ಸೂಡು.
ಡ್ರೈವರ್ ದಸ್ತಗೀರ ಕನ್ನಡ್ಯಾಗ ನೋಡಿ
‘ಏನ ಬಿತ್ತಬೇ?’ ಅಂದ.
‘ಎರಡನೂರ ನಲವತ್ತು ರೂಪಾಯಿ. ಜಿಎಸ್‌ಟಿ ಬ್ಯಾರೆ.’
ಗಾಡೀನ ನಿಂದರಿಸಿಬಿಟ್ಟ.

ರಜಾ ಹಾಕಿ ಮತ್ತ ಹೋದೆ. ಈ ಸಲ ಬಾಗಿಲ ಎಳದೆ.
ಒಂಬತ್ತು ಉಗುರು, ಒಂದು ಬೋಳು ಬೆರಳು
ಕೌಂಟರ ಮ್ಯಾಲ ಹರವಿ ಇಟ್ಟೆ.
ಮಾಲಕಳು ಮುಟ್ಟದ ನೋಡಿ ಕೇಳಿದಳು:
‘ಕೈ ಬಳಸಿದ್ರಾ?’

ಚಿಲ್ಲರಿಗೆ ಜಗಳ, ಕಿಡಕಿಗೆ ಜಗಳ,
ಸೀಟಿನ ಮ್ಯಾಲ ಒಗದ ಟಾವೆಲ್ಲಿಗೆ ಜಗಳ,
ಎಲ್ಲಾಕ್ಕೂ ನನ್ನ ಹತ್ರ ಮಾತಿದ್ದವು.
ಇದಕ್ಕ ಬಾಯಿ ಬರಲಿಲ್ಲ.
ಬಳಸಿದೆ, ತಾಯಿ.
ಹಾಸಿಗಿ ಮಡಚಿದೆ, ಮಗಳ ಹೆಳಲ ಹಾಕಿದೆ,
ತಿರುವಿನ್ಯಾಗ ಗಾಡಿ ವಾಲಿದಾಗ ಕಂಬಿ ಹಿಡದೆ.
ಬಿಡಬೇಕಾಗಿತ್ತೇನು?

ವಾರಂಟಿ ಅದ, ಬಳಕೆಗೆ ಇಲ್ಲ ಅಂತ
ಛಾಪಿಸಿದ ಕಾಗದ ತೋರಿಸಿದಳು. ಕೆಳಗ ನನ್ನ ಸಹಿ.
ಹೊಸಾದು ಬೇಕಂದರ ಒಂದಕ್ಕ ಮುನ್ನೂರು.
ಮಿಯಾ ಗ್ವಾಡಿ ಕಡೆ ಮುಖ ಮಾಡಿ
ಕುಂಚ ತೊಳೀತಿದ್ದಳು, ತೊಳದದ್ದನ್ನ ಮತ್ತ.

ಗುರುವಾರ, ಕಡೀ ಗಾಡಿ.
ಮಾಸ್ಕ್ ಇಲ್ಲದ ಮುಖ ಗುರ್ತು ಸಿಗಲಿಲ್ಲ,
ಮೂಗಿಗೆ ಸಿಕ್ಕಿತು, ಆ ಔಷಧದಂಥ ವಾಸನಿ.
ಆಧಾರ್ ಚಾಚಿದಳು:
ನೀಲವ್ವ ಕಲ್ಲಪ್ಪ ಚೌಗಲಾ, ಮುತಗಾ.
ಹಿಡಿದ ಬೆರಳು ನೋಡಿದೆ. ತುದಿ ಸುಲದಾವು,
ಉಗುರು ಮೋಟ, ಬಣ್ಣದ ಹೆಸರಿಲ್ಲ.
‘ಅಂಟು ಹಳೇದಿತ್ತಕ್ಕಾ,’ ಅಂದಳು, ನಮ್ಮ ಕನ್ನಡದಾಗ.
‘ಬಿದ್ದದ್ದಕ್ಕ ನನ್ನ ಪಗಾರದಾಗ ಆಗ್ಲೇ ಮುರಕೊಂಡರು.
ಮುನ್ನೂರು.’

ಸಿಟ್ಟು ಬಾಯಿ ತನಕ ಬಂದು ನಿಂತಿತ್ತು,
ಅದನ್ನ ಯಾವ ಸ್ಟಾಪಿನ್ಯಾಗ ಇಳಸಬೇಕೋ ತಿಳೀಲಿಲ್ಲ.
ಬೋಳು ಬೆರಳಿಲೆ ಗುಂಡಿ ಒತ್ತಿದೆ.
ಚೀಟಿ ಬಂತು: ಮಹಿಳೆ ಒಂದು, ಮೊತ್ತ ಸೊನ್ನಿ.
ಹರದು ಕೊಟ್ಟೆ.

ರಾತ್ರಿ ಡಿಪೋದಾಗ ರೊಕ್ಕ ಎಣಿಸುವಾಗ
ಚೀಲದ ತಳದಾಗಿಂದ ಬಂತು ಇಟ್ಟಂಗಿ ಉಗುರು,
ಎರಡರ ನಾಣ್ಯಕ್ಕ ಕಚ್ಚಿಕೊಂಡು.
ಎಳದೆ, ಕೆತ್ತಿದೆ, ಬಿಡವಲ್ದು.
ಕ್ಯಾಶಿಯರ್ ಕಡೇಮನಿ ಚಾಳೀಸ ಏರಿಸಿ ನೋಡಿ
ನಾಣ್ಯ ನನ್ನ ಕಡೆ ಸರಿಸಿದ:
‘ಇದು ನಡಿಯೂದಿಲ್ರಿ, ಬಾಯಾರ.’
ಎರಡು ರೂಪಾಯಿ ನನ್ನ ಕಿಸೇದಿಂದ ತುಂಬಿದೆ.