ನಡಾವಳಿಯಲ್ಲಿ ಬರೆಯದೆ ಉಳಿದದ್ದು

ಸಭೆ ಹನ್ನೊಂದಕ್ಕೆ ಎಂದು ಬರೆದಿದ್ದೇನೆ.
ಶುರುವಾದದ್ದು ಹನ್ನೊಂದೂ ನಲವತ್ತಕ್ಕೆ,
ಅದೂ ಬುರುಜನಹಟ್ಟಿಯ ನೀರುಗಂಟಿ ಬೋರಣ್ಣ
ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ.

ದುರ್ಗಕ್ಕೆ ನೀರು ಎರಡು ಕಡೆಯಿಂದ:
ಸೂಳೆಕೆರೆಯದೊಂದು ಕೊಳವೆ, ವಾಣಿವಿಲಾಸದ್ದು ಇನ್ನೊಂದು.
ಒಂದೊಂದಕ್ಕೂ ಒಂದೊಂದು ಕಂಪನಿ, ಒಂದೊಂದು ಪರದೆ,
ಒಂದು ಲೀಟರಿನಲ್ಲಿ ಎಣಿಸಿದರೆ ಇನ್ನೊಂದು ಘನಮೀಟರಿನಲ್ಲಿ.
ಎರಡನ್ನೂ ಕೂಡಿಸುವುದು ಹೇಗೆ? ವಿಷಯ ಸಂಖ್ಯೆ ಮೂರು.
ಮೂರು ವಾರದಿಂದಲೂ ಮೂರೇ.

ನಾಗವೇಣಿ ಮೇಡಂ ಹೇಳಿದ್ದು: ಎರಡನ್ನೂ ಕಿತ್ತುಹಾಕಿ,
ಹೊಸದೊಂದು ಕೂರಿಸಿ. ಇಬ್ಬರು ಕಿವುಡರ ನಡುವೆ
ದುಭಾಷಿ ಕೂತರೆ ಜಗಳ ಮೂವರದಾಗುತ್ತದೆ.
ಇಂತಿಯಾಜ್ ಹೇಳಿದ್ದು: ಓಡುವ ಮೋಟಾರಿಗೆ ಕೈಹಾಕಬೇಡಿ,
ನಡುವೆ ಸಣ್ಣದೊಂದು ಸೇತುವೆ ಸಾಕು,
ಆ ಪ್ರೋಗ್ರಾಂ ನಾನೇ ಬರೀತೀನಿ, ನಲವತ್ತು ದಿನ.
"ನಿನ್ನ ನಲವತ್ತು ದಿನ ನಮಗೆ ಗೊತ್ತಿಲ್ಲವಾ" ಎಂದರು ಮೇಡಂ.
ಇದನ್ನು ನಾನು
"ಕಾಲಾವಧಿ ಕುರಿತು ಚರ್ಚಿಸಲಾಯಿತು" ಎಂದು ಬರೆದೆ.

ಕಿರಿಯ ಎಂಜಿನಿಯರ್ ಗಿರಿಮಲ್ಲ ಕಿಟಕಿಯತ್ತ ಕೈ ತೋರಿ
ಕೋಟೆಯ ಹೊಂಡಗಳ ಮಾತು ತೆಗೆದ:
ಮೇಲಿನದು ತುಂಬಿ ಕೆಳಗಿನದಕ್ಕೆ, ಅದು ತುಂಬಿ ಮತ್ತೂ ಕೆಳಕ್ಕೆ,
ಪಂಪಿಲ್ಲ, ಪರದೆಯಿಲ್ಲ, ನೋಡಿ ಸರ್.
"ಅವರಿಗೆ ಇಳಿಜಾರಿತ್ತು ಕಣಪ್ಪ, ನಮಗಿರೋದು ಟೆಂಡರು"
ಎಂದರು ಸಾಹೇಬರು. ಎಲ್ಲರೂ ನಕ್ಕರು.
ಊಟದ ಹೊತ್ತಿನವರೆಗೆ ಒಮ್ಮತವಾದದ್ದು ಅದೊಂದೇ.

ಮಂಡಕ್ಕಿ ಬಂತು, ಮೆಣಸಿನಕಾಯಿ ಬಂತು.
ನಕ್ಷೆಯ ಮೇಲೆ ಎಣ್ಣೆಯ ಕಲೆ ಕೂತಿತು,
ಸರಿಯಾಗಿ ಕೆಳಗೋಟೆ ಟ್ಯಾಂಕಿನ ನೆತ್ತಿಗೇ.
ಮೊನ್ನೆ ಮಂಗಳವಾರ ರಾತ್ರಿ ಉಕ್ಕಿ ಹರಿದದ್ದೂ ಅದೇ.
ಮತ್ತೆ ಶುರು: ನಿಮ್ಮ ಕಡೆಯದು ಮುಚ್ಚಿರಲಿಲ್ಲ,
ನಿಮ್ಮದು ಮುಚ್ಚಿದೆ ಅಂತ ಸುಳ್ಳು ಹೇಳಿತು.
ಎರಡೂ ಕಡೆಯ ದಾಖಲೆ ಮೇಜಿಗೆ ಬಿತ್ತು, ಇಸ್ಪೀಟಿನೆಲೆಯಂತೆ.

ಬೋರಣ್ಣ ಜೇಬಿನಿಂದ ಡೈರಿ ತೆಗೆದ,
ಗೊಬ್ಬರದಂಗಡಿಯವರು ಕೊಟ್ಟದ್ದು, ಹಳೇ ವರ್ಷದ್ದು.
"ಇಬ್ರೂ ನಿಜಾನೇ ಹೇಳ್ತಾರೆ ಸಾ.
ಆ ಪೆಟ್ಟಿಗೆ ಗಡಿಯಾರ ಈ ಪೆಟ್ಟಿಗೇದಕ್ಕಿಂತ ಏಳು ನಿಮಿಷ ಹಿಂದೈತೆ.
ಅದಕ್ಕೇ ನಾನು ಫೋನ್ ಮಾಡೋದು. ಲಿಂಗಣ್ಣ, ಮುಚ್ಚಿದ್ಯಾ?
ಅವನು ಹೂಂ ಅಂದ ಮೇಲೇ ಇಲ್ಲಿ ತಿರುಗ್ಸೋದು.
ಮಂಗಳವಾರ ಅವನ ಮಗಳ ಹೆರಿಗೆ. ಫೋನ್ ಎತ್ತಲಿಲ್ಲ.
ಪರದೆ ನಂಬ್ಕೊಂಡು ತಿರುಗ್ಸಿದೆ."

ಫ್ಯಾನು ನಕ್ಷೆಯ ಮೂಲೆಯನ್ನು ಎತ್ತಿತು, ಇಳಿಸಿತು.
ಎಂಟು ವರ್ಷದಿಂದ ಈ ಊರಿನ ಎರಡು ಯಂತ್ರಗಳನ್ನು
ಜೋಡಿಸಿ ಹಿಡಿದದ್ದು ಒಂದು ಹೂಂ.
ಮಗು ಏನಂತೆ, ಇಂತಿಯಾಜ್ ಕೇಳಿದ.
ಹೆಣ್ಣು, ಎಂದ ಬೋರಣ್ಣ.

ಆಮೇಲೆ ಎಲ್ಲ ಸಲೀಸಾಯಿತು ಎನ್ನಲಾರೆ.
ಇನ್ನೂ ಎರಡೂ ಕಾಲು ಗಂಟೆ, ಎರಡು ಸಲ ಚಹಾ, ಒಂದು ಸಲ ಬಾಗಿಲು ಬಡಿದ ಸದ್ದು.
ಮೊದಲು ಗಡಿಯಾರ. ಅದಕ್ಕೆ ಯಾರದೂ ತಕರಾರಿಲ್ಲ.
ನಂತರ ಸೇತುವೆ, ಒಂದೇ ಟ್ಯಾಂಕಿಗೆ, ಒಂದೇ ತಿಂಗಳು;
ಕೆಟ್ಟರೆ ಬಿಚ್ಚುವುದು ಹೇಗೆಂದು
ಕಟ್ಟುವ ಮೊದಲೇ ಬರೆದಿಡಬೇಕು.
ಅಲ್ಲಿಯತನಕ ಬೋರಣ್ಣನ ಫೋನಿಗೆ ಕರೆನ್ಸಿ ಕಚೇರಿಯದು.

ಸಹಿಯ ಹೊತ್ತಿಗೆ ನಾಗವೇಣಿ ಮೇಡಂ ಪೆನ್ನು ಹಿಡಿದು ನಿಂತರು.
"ನನಗೆ ಒಪ್ಪಿಗೆಯಿಲ್ಲ ಅಂತ ಬರಿ.
ಮಾಡ್ತೀನಿ ಅಂತಾನೂ ಬರಿ.
ಎರಡೂ ಒಂದೇ ಸಾಲಿನಲ್ಲಿರಬೇಕು."
ನಮ್ಮ ನಮೂನೆಯಲ್ಲಿರುವುದು ಎರಡೇ ಕಲಂ: ಪರ, ವಿರೋಧ.
ಅಡಿಪಟ್ಟಿ ಸಿಗಲಿಲ್ಲ. ಡೈರಿಯ ಅಂಚು ಒತ್ತಿಟ್ಟು
ನಡುವೆ ಒಂದು ಗೆರೆ ಎಳೆದೆ. ಸ್ವಲ್ಪ ಸೊಟ್ಟಗೆ ಬಂತು.

ಏಳು ಗಂಟೆಗೆ ನಾನು ಬೀಗ ಹಿಡಿದು ನಿಂತಾಗ
ಅವರು ಇಂತಿಯಾಜನ ಪರದೆಗೆ ಬಗ್ಗಿದ್ದರು:
"ಇಲ್ಲಿ ಒಂದು ಸೊನ್ನೆ ಬಿಟ್ಟಿದ್ದೀಯ ನೋಡು, ಕೆಳಗೋಟೆ ಮುಳುಗುತ್ತೆ."
ಅವನು ಅಳಿಸಿದ. ಮತ್ತೆ ಬರೆದ.
ಬೀಗವನ್ನೂ ಕೀಲಿಕೈಯನ್ನೂ ಅವರ ಮೇಜಿನ ಮೇಲಿಟ್ಟು
ನಾನು ಮನೆಗೆ ಬಂದೆ.