ತಂದದ್ದು ಯಾರು

ಗುರುವಾರ ಸಂಜೆ ಏಳು. ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ
ಹಳೇ ಬಲೆಗೋದಾಮಿನ ಮಹಡಿಯಲ್ಲಿ
ಡೋರೀನ್ ಬ್ಲಾಂಚರ್ಡ್ ಹಲಗೆಯ ಮೇಲೆ ಬರೆಯುತ್ತಾಳೆ:
ಬ್ರಿಂಗ್ ಅಬೌಟ್.

ಬ್ರಿಂಗ್ ಅಂದರೆ ತರು. ಅಷ್ಟು ಎಲ್ಲರಿಗೂ ಗೊತ್ತು.
ಅಬೌಟ್ ಅಂದರೆ ಕುರಿತು, ಸುಮಾರು, ಆಸುಪಾಸು.
ಎರಡೂ ಕೂಡಿದರೆ ಮಾತ್ರ
ಯಾರ ಕೈಯಲ್ಲೂ ಏನೂ ಇರುವುದಿಲ್ಲ,
ಆದರೂ ಏನೋ ಬಂದುಬಿಟ್ಟಿರುತ್ತದೆ.

ದಾಯ್ವಾಳ ಉಗುರಲ್ಲಿ ಇನ್ನೂ ಕಾಡ್ ಮೀನಿನ ಹುರುಪೆ.
"ಅಂಗಡಿಯಿಂದ ಬ್ರೆಡ್ಡು ಬ್ರಿಂಗ್ ಅಬೌಟ್ ಮಾಡಿದೆ" ಅನ್ನುತ್ತಾಳೆ.
ಇಲ್ಲ ದಾಯ್ವಾ, ಬ್ರೆಡ್ಡನ್ನು ಬರೀ ತರುತ್ತೇವೆ.
ಬದಲಾವಣೆ, ಸೋಲು, ರಾಜಿ, ಕೊನೆ,
ತಕ್ಕಡಿಗೆ ಹಾಕಲಾಗದ್ದಕ್ಕೆ ಮಾತ್ರ ಇದು.

(ಕನ್ನಡದಲ್ಲಾದರೆ ಜಗಳ ತಂದಿಟ್ಟ ಅನ್ನುತ್ತೇವೆ,
ಕುತ್ತು ತಂದುಕೊಂಡ ಅನ್ನುತ್ತೇವೆ;
ಇಟ್ಟ ಕೈ, ಕೊಂಡ ಕೈ
ಕ್ರಿಯಾಪದದಲ್ಲೇ ಸಿಕ್ಕಿಬೀಳುತ್ತದೆ.
ಈ ಅಬೌಟ್ ಅನ್ನುವುದು ಬರೀ ಮಂಜು.)

ತ್ಸೆಗಾಯ್ ಪೆನ್ಸಿಲ್ ಎತ್ತಿದ:
"ಮೊದಲಲ್ಲಿ ಮನುಷ್ಯನೇ ಬೇಕಾ, ಗಾಳಿಯಾದರೂ ಸಾಕಾ?"
"ಗಾಳಿಯಾದರೂ ಸಾಕು" ಅಂದಳು ಡೋರೀನ್.
"ಗಾಳಿ, ಬಡ್ಡಿದರ, ಒಂದು ಕಾಗದ, ಏನಾದರೂ."

ಬೀಗ ಹಾಕಲು ಬಂದು ಬಾಗಿಲಿಗೊರಗಿದ್ದ ವಾಲ್ಟ್ ಫೆಂಟಿ,
ಎಪ್ಪತ್ತೊಂಬತ್ತು ವರ್ಷ, ಎಡಗಿವಿಯಲ್ಲಿ ಯಂತ್ರ,
ಕೇಳದೆಯೇ ಬಾಯಿ ಹಾಕಿದ:
"ನಮ್ಮಲ್ಲಿ ಅದು ಹಡಗಿನ ಮಾತು ಕಣಮ್ಮ.
ಮೂತಿಯನ್ನು ಗಾಳಿಗೇ ಒಡ್ಡಿ
ಆಚೆ ಬದಿಗೆ ಹೊರಳಿಸುವುದು.
ಕಪ್ತಾನ ಕೂಗುತ್ತಿದ್ದ, ಬ್ರಿಂಗ್ ಹರ್ ಅಬೌಟ್!
ಚುಕ್ಕಾಣಿ ಹಿಡಿದವನು ತಿರುಗಿಸುತ್ತಿದ್ದ. ಅಷ್ಟೆ."

ಆಮೇಲೆ ಕೀಲಿಗೊಂಚಲು ನೋಡುತ್ತ,
"ಒಂದು ಸಲ ಕೂಗಿದ್ದು ನನಗೆ ಕೇಳಿಸಲಿಲ್ಲ."

ಡೋರೀನ್ ಡಸ್ಟರ್ ಎತ್ತಿಕೊಂಡಳು. ಅಳಿಸಲಿಲ್ಲ.
ಹೀಟರ್ ಟಿಕ್ಕೆಂದಿತು.
ಕೆಳಗೆ ಯಾರೋ ಐಸಿನ ಗಾಡಿ ತಳ್ಳಿಕೊಂಡು ಹೋದರು,
ಕಲ್ಲಿನ ಮೇಲೆ ಗಡಗಡ, ದೂರದವರೆಗೆ.

ತುಂಬ ಹೊತ್ತಾದ ಮೇಲೆ ದಾಯ್ವಾ
ತನ್ನ ಪುಸ್ತಕದಿಂದ ತಲೆಯೆತ್ತದೆ ಕೇಳಿದಳು:
"ಕೇಳಿಸದೆ ಹೋದದ್ದು
ವಾಕ್ಯದ ಮೊದಲಿಗೆ ಬರಬಹುದಾ, ಮಿಸ್?"

"ವ್ಯಾಕರಣದಲ್ಲಿ," ಎಂದು ಶುರುಮಾಡಿ ಡೋರೀನ್
ವಾಲ್ಟ್‌ನ ಕಡೆ ನೋಡಿದಳು.
ಅವನು ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿ
"ಎಂಟೂವರೆ ಆಯ್ತು" ಅಂದ,
"ಬರಬಹುದು ಅಂತ ಹೇಳು ಅವಳಿಗೆ."