ಒಣತೂಕ

ಸೋಮವಾರ, ಬೆಳಿಗ್ಗೆ ಆರೂವರೆ.
ಚಿಕ್ಕಬಳ್ಳಾಪುರದ ಆಸ್ಪತ್ರೆ, ಎರಡನೇ ಮಹಡಿ.
ಅಮೀರ್‌ಜಾನ್ ಚಪ್ಪಲಿ ಬಿಟ್ಟು
ಜೇಬಿನ ಬೀಗದ ಕೈ, ಚಿಲ್ಲರೆ, ಕೊನೆಗೆ ಹಲ್ಲುಸೆಟ್ಟನ್ನೂ ತೆಗೆದಿಟ್ಟು
ತಕ್ಕಡಿ ಹತ್ತುತ್ತಾರೆ, ಉಸಿರು ಬಿಗಿಹಿಡಿದು,
ಉಸಿರಿಗೂ ತೂಕ ಇದ್ದೀತೆಂಬ ಅಂಜಿಕೆಗೆ.
ಐವತ್ತೆಂಟೂವರೆ.
ಇರಬೇಕಾದ್ದು ಐವತ್ತೈದು.

ನಾನು ಹೊಸಬಳು,
ಕಿಡ್ನಿ ಕಲಿಯಲು ಬಂದು ಹನ್ನೊಂದನೇ ದಿನ.
ಕೇಸ್ ಶೀಟಿನಲ್ಲಿ ದುಂಡಗೆ ಬರೆದೆ:
ಹೇಳಿದ ಮಾತು ಕೇಳುವುದಿಲ್ಲ.

ಸರ್ವಮಂಗಳಾ ಮೇಡಂ ಓದಿದರು, ಬೈಯಲಿಲ್ಲ.
ಬೀರುವಿನಿಂದ ಲೀಟರಿನ ಖಾಲಿ ಬಾಟಲಿ ತೆಗೆದು
ಮುಕ್ಕಾಲಿಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ಕೈಗಿತ್ತರು.
"ಬರೋ ಭಾನುವಾರ ನಿನಗೆ ಇಷ್ಟೇ.
ಕಾಫಿ, ಸಾರು, ಮಜ್ಜಿಗೆ,
ಮಾತ್ರೆ ನುಂಗೋ ಗುಟುಕು ಕೂಡ ಇದರಲ್ಲೇ."

ಭಾನುವಾರ, ಮಾರ್ಚಿಯ ಬಿಸಿಲು.
ಹನ್ನೊಂದಕ್ಕೆ ಅರ್ಧ ಮುಗಿದಿತ್ತು.
ಎರಡಕ್ಕೆ ನಾಲಗೆ ಅಂಗುಳಿಗೆ ಅಂಟಿ
ಫೋನಿನಲ್ಲಿ ಅಮ್ಮ ಕೇಳಿದಳು, ಯಾಕೆ, ಜ್ವರವಾ ಅಂತ.
ಮೂರೂ ಇಪ್ಪತ್ತಕ್ಕೆ ಹಾಸ್ಟೆಲಿನ ಬಚ್ಚಲಲ್ಲಿ
ನಲ್ಲಿಗೆ ಬಾಯಿ ಕೊಟ್ಟು ಕುಡಿದೆ.
ಇಡೀ ಮಹಡಿಯಲ್ಲಿ ನಾನೊಬ್ಬಳೇ.
ಚಿಲಕ ಯಾಕೆ ಹಾಕಿಕೊಂಡೆನೋ.
ಗದ್ದದಿಂದ ಇಳಿದ ಹನಿಯನ್ನೂ
ಬೆರಳಲ್ಲಿ ಬಳಿದು ನೆಕ್ಕಿದೆ.

ಮೇಡಂ ಕೇಳಲಿಲ್ಲ, ನಾನು ಹೇಳಲಿಲ್ಲ.
ಅಮೀರ್‌ಜಾನರಿಗೆ ಹೇಳಿದೆ,
ಸೂಜಿ ಎರಡೂ ಕೂತು
ರಕ್ತ ತನ್ನ ಪಾಡಿಗೆ ಸುತ್ತು ಹೊರಟ ಮೇಲೆ.

ನಕ್ಕರು, ಹಲ್ಲಿಲ್ಲದ ಬಾಯಲ್ಲಿ.
ಮೂವತ್ತೆರಡು ವರ್ಷ ಶಿಡ್ಲಘಟ್ಟದಲ್ಲಿ ರೇಷ್ಮೆ ತೆಗೆದ ಕೈ ಅದು,
ಕುದಿನೀರಲ್ಲಿ ಬೆಂದು ಬೆರಳಿನ ಗೆರೆಯೇ ಅಳಿಸಿಹೋಗಿ
ರೇಷನ್ ಅಂಗಡಿಯ ಯಂತ್ರ
ಇವತ್ತಿಗೂ ಅವರನ್ನು ಅವರೆಂದು ಒಪ್ಪುವುದಿಲ್ಲ.
"ಗೂಡು ಕೊಂಡವನು ನಾನು, ಡಾಕ್ಟ್ರಮ್ಮ,
ತೂಕದ ವಿಷ್ಯ ನನಗೆ ಹೇಳ್ತೀರಾ?
ಮೋಡ ಮುಚ್ಚಿದ ದಿನ ಮಾರ್ಕೆಟ್ಟಲ್ಲಿ ಗೂಡು ಭಾರ.
ರೇಷ್ಮೆ ಇರೋದು ಅಷ್ಟೇ,
ನೀರಿಗೂ ದುಡ್ಡು ತೆತ್ತು ಬರಬೇಕು.
ತಕ್ಕಡಿ ಮಾತು ನಂಬಿ ಕೆಟ್ಟವರನ್ನ ಬೇಕಾದಷ್ಟು ನೋಡಿದೀನಿ.
ಕಿವಿ ಹತ್ರ ಹಿಡಿದು ಅಲ್ಲಾಡಿಸಬೇಕು.
ಒಳಗಿರೋ ಹುಳ ಹೇಳುತ್ತೆ."

ನಾನೂ ನಕ್ಕು,
ಯಂತ್ರಕ್ಕೆ ಐವತ್ತೈದು ಅಂತಲೇ ಹೇಳಿ
ಪಕ್ಕದ ಹಾಸಿಗೆಗೆ ಹೋದೆ.

ಮೂರನೇ ಗಂಟೆಗೆ ಕೂಗು.
ಮೀನಖಂಡ ಕಲ್ಲಿನಂತೆ ಗಂಟುಕಟ್ಟಿ
ಮುಖ ಬೂದಿ, ಬಿಪಿ ಎಂಬತ್ತು,
ಹಿಡಿದರೆ ಬೆವರಿಗೆ ಜಾರುವ ಮಣಿಕಟ್ಟು.
ನೀರೆಳೆಯುವುದನ್ನು ನಿಲ್ಲಿಸಿ, ತಲೆ ತಗ್ಗಿಸಿ, ಕಾಲೆತ್ತಿ
ಸಲೈನ್ ಬಿಟ್ಟೆ.
ಎಳೆದದ್ದನ್ನೇ ಮರಳಿ ಕೊಡುತ್ತಿದ್ದೆ
ನಡುಗುವ ಕೈಯಲ್ಲಿ.

ಮೇಡಂ ಬಂದು, ಅಂಗಾಲು ತಿಕ್ಕುತ್ತಲೇ ಕೇಳಿದರು:
"ಇವರು ಏನು ತಿಂತಿದಾರೆ, ವಿಚಾರಿಸಿದ್ಯಾ?"

ಎಷ್ಟು ಕುಡಿದಿರಿ ಅಂತ ದಿನವೂ ಕೇಳಿದ್ದೆ.

ಹೊರಗೆ ಬೆಂಚಿನ ಮೇಲೆ ಮಗಳು ತಸ್ಲೀಮಾ.
ಬಾಗೇಪಲ್ಲಿಯಿಂದ ಬಂದು ಎರಡು ತಿಂಗಳು.
ಹೊತ್ತು ಹೊತ್ತಿಗೆ ಮುದ್ದೆ, ಮೊಟ್ಟೆಯ ಬಿಳಿ,
ಬೇಡವೆಂದರೆ ಕಣ್ಣೀರು.
ಅಬ್ಬಾನ ಬೆಲ್ಟು ಈಗ ಒಂದು ತೂತು ಮುಂದಕ್ಕೆ, ಅಂದಳು.
ಆ ಬೆಲ್ಟು ಅವರ ಸೊಂಟದಲ್ಲೇ ಇತ್ತು.
ಹಳೆಯ ತೂತಿನ ಸುತ್ತ ಚರ್ಮ ಸವೆದದ್ದು
ಬಾಗಿಲಿಂದಲೇ ಕಾಣುತ್ತಿತ್ತು.
ಕಣಕಾಲನ್ನು ಆಗ ಒತ್ತಿದೆ, ಹದಿನೆಂಟು ದಿನ ತಡವಾಗಿ.
ಗುಂಡಿ ಬೀಳಲಿಲ್ಲ.

ನಾನು ಎಳೆಯಹೊರಟ ನೀರಿನಲ್ಲಿ
ಒಂದು ಪಾಲು ಅವರದ್ದೇ ಮೈ.

ದುಂಡಗಿನ ಸಾಲಿನ ಮೇಲೆ ಗೆರೆ ಎಳೆದು
ಕೆಳಗೆ ಹೊಸ ತೂಕ ಬರೆದೆ. ಐವತ್ತಾರೂವರೆ.
"ಆ ಒಂದೂವರೆ ನಂದೇನಾ?"
"ನಿಮ್ದೇ."
"ಉಳಿದಿದ್ದು?"
ನಾನು ಮೇಡಂ ಕಡೆ ನೋಡಿದೆ.
ಅವರು ಕಿಟಕಿಯ ಕಡೆ ನೋಡಿದರು.

ಹತ್ತಿ ಒತ್ತಿ, ಪಟ್ಟಿ ಕಟ್ಟಿಸಿಕೊಂಡು
ಹಲ್ಲು, ಚಿಲ್ಲರೆ, ಬೀಗದ ಕೈ
ಒಂದೊಂದಾಗಿ ವಾಪಸು ತೊಟ್ಟುಕೊಂಡು
ಬಾಗಿಲವರೆಗೆ ಹೋದವರು ತಿರುಗಿ, ಮೆಲ್ಲಗೆ ಕೇಳಿದರು:

"ಆ ಬಚ್ಚಲ ನಲ್ಲಿ ನೀರು
ತಣ್ಣಗಿತ್ತಾ, ಡಾಕ್ಟ್ರಮ್ಮ?"